ಒಂದು ವರ್ಷದ ಕಿರೀಟ: ಸ್ಕಾಟ್ಲೆಂಡಿನ ಊರಹಬ್ಬದ ರಾಣಿಯರು

ಸಭಿಕರೆ,

ಎಡಿನ್‌ಬರೋ ಕೋಟೆಯ ಒಂದು ಕೋಣೆಯಲ್ಲಿ ಸ್ಕಾಟ್ಲೆಂಡಿನ ರಾಜಕಿರೀಟವನ್ನು ಗಾಜಿನ ಆವರಣದೊಳಗೆ ಇರಿಸಿದ್ದಾರೆ. ಅದರಿಂದ ಕೊನೆಯ ಬಾರಿ ಪಟ್ಟಾಭಿಷೇಕ ನಡೆದದ್ದು 1651ರ ಜನವರಿ 1ರಂದು, ಸ್ಕೂನ್ ಎಂಬಲ್ಲಿ, ಎರಡನೆಯ ಚಾರ್ಲ್ಸನಿಗೆ. 1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನೊಡನೆ ಒಂದಾದ ಮೇಲೆ ಕಿರೀಟವನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಆ ಕೋಣೆಯನ್ನೇ ಮುಚ್ಚಿಬಿಟ್ಟರು. ಅದು ಅಲ್ಲಿ ಇದೆಯೋ ಇಲ್ಲವೋ ಎಂಬ ಅನುಮಾನ ಜನರಲ್ಲಿ ಬಲಿತು, ಕೊನೆಗೆ 1818ರಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮತ್ತು ಸಂಗಡಿಗರು ಅನುಮತಿ ಪಡೆದು ಪೆಟ್ಟಿಗೆ ಒಡೆಸಿ ನೋಡಿದಾಗ ಕಿರೀಟ ಬಟ್ಟೆ ಸುತ್ತಿಕೊಂಡು ಒಳಗೆ ಸುರಕ್ಷಿತವಾಗಿಯೇ ಇತ್ತು. 1953ರಲ್ಲಿ ಎಲಿಜಬೆತ್ ರಾಣಿಯ ಎದುರಿಗೂ 2023ರಲ್ಲಿ ಅವರ ಮಗನ ಎದುರಿಗೂ ಅದನ್ನು ಸೇಂಟ್ ಜೈಲ್ಸ್ ಚರ್ಚಿಗೆ ತಂದು ಗೌರವದಿಂದ ಒಪ್ಪಿಸಿದರು. ಆದರೆ ಯಾರ ತಲೆಗೂ ತೊಡಿಸಲಿಲ್ಲ.

ಈ ಕಿರೀಟ ಗಾಜಿನ ಹಿಂದೆ ಕುಳಿತಿದೆ ಎಂದ ಮಾತ್ರಕ್ಕೆ ಸ್ಕಾಟ್ಲೆಂಡಿನಲ್ಲಿ ಪಟ್ಟಾಭಿಷೇಕಗಳು ನಿಂತಿವೆ ಎಂದುಕೊಳ್ಳಬೇಡಿ. ಪ್ರತಿ ಬೇಸಿಗೆಯಲ್ಲೂ ಅಲ್ಲಿನ ಸಣ್ಣ ಪೇಟೆಗಳಲ್ಲಿ, ಹಳೆಯ ಗಣಿಗ್ರಾಮಗಳಲ್ಲಿ, ಮೀನುಗಾರರ ಬಂದರುಗಳಲ್ಲಿ ಶಾಲೆಗೆ ಹೋಗುವ ಒಬ್ಬ ಹುಡುಗಿಯನ್ನು ಆರಿಸಿ, ಮೆರವಣಿಗೆಯಲ್ಲಿ ಕರೆತಂದು, ಊರಿಗೆ ಊರೇ ನೋಡುತ್ತಿರುವಾಗ ಅವಳಿಗೆ ಕಿರೀಟ ತೊಡಿಸುತ್ತಾರೆ. ಅವಳ ಅಪ್ಪ ಎಲೆಕ್ಟ್ರಿಷಿಯನ್ ಆಗಿರಬಹುದು, ಅಮ್ಮ ಅಂಗಡಿಯ ಗಲ್ಲಾದಲ್ಲಿ ಕೂರುವವಳಾಗಿರಬಹುದು. ಮುಂದಿನ ಬೇಸಿಗೆಯಲ್ಲಿ ಇನ್ನೊಬ್ಬ ಹುಡುಗಿ ಬರುವವರೆಗೆ ಅವಳೇ ಆ ಊರಿನ ರಾಣಿ. ಇಂದಿನ ನನ್ನ ಮಾತು ಈ ಗೌರವ ರಾಣಿಯರನ್ನು ಕುರಿತದ್ದು.

‘ಗೌರವ’ ಎಂಬ ವಿಶೇಷಣವನ್ನು ನಾವು ಕನ್ನಡದಲ್ಲಿ ಎರಡು ಬಗೆಯಾಗಿ ಬಳಸುತ್ತೇವೆ. ಗೌರವ ಡಾಕ್ಟರೇಟ್ ಎಂದಾಗ ಅದು ಕೆಲಸವಿಲ್ಲದ ಮರ್ಯಾದೆ. ಗೌರವ ಕಾರ್ಯದರ್ಶಿ ಎಂದಾಗ ಸಂಬಳವಿಲ್ಲದ ಕೆಲಸ. ಸಂಘಸಂಸ್ಥೆಗಳಲ್ಲಿ ದುಡಿದವರಿಗೆ ಈ ವ್ಯತ್ಯಾಸವನ್ನು ನಾನು ವಿವರಿಸಬೇಕಾಗಿಲ್ಲ. ಸ್ಕಾಟ್ಲೆಂಡಿನ ಊರಹಬ್ಬದ ರಾಣಿಯನ್ನು ದೂರದಿಂದ ನೋಡುವವರು ಅವಳನ್ನು ಮೊದಲನೆಯ ಗುಂಪಿಗೆ, ಅಂದರೆ ಜರತಾರಿ ಮೇಲಂಗಿಯ ಗೊಂಬೆಗಳ ಸಾಲಿಗೆ ಸೇರಿಸಿಬಿಡುತ್ತಾರೆ. ಅವಳು ಎರಡನೆಯ ಗುಂಪಿಗೆ ಸೇರಿದವಳು, ಅವಳಿಗೆ ಊರು ಒಂದು ಕೆಲಸವನ್ನು ಒಪ್ಪಿಸಿರುತ್ತದೆ ಎಂಬುದು ನನ್ನ ವಾದ.

ಈ ಪದ್ಧತಿ ಬಹಳ ಪುರಾತನವೇನಲ್ಲ. ಲ್ಯಾನರ್ಕ್ ಪಟ್ಟಣದ ಲ್ಯಾನಿಮರ್ ಹಬ್ಬದ ಬೇರು ಊರಿನ ಗಡಿಕಲ್ಲುಗಳನ್ನು ವರ್ಷಕ್ಕೊಮ್ಮೆ ಸುತ್ತಿ ಪರಿಶೀಲಿಸುವ ಮಧ್ಯಯುಗದ ಕಟ್ಟಳೆಯಲ್ಲಿದೆ. ಆದರೆ ಅಲ್ಲಿ ರಾಣಿ ಬಂದದ್ದು 1893ರಲ್ಲಿ. ಊರ ನಡುವಿನ ಚರ್ಚಿನ ಗೋಡೆಯ ಮೇಲೆ ನಿಂತಿರುವ ವೀರ ವಿಲಿಯಂ ವಾಲೇಸನ ಪ್ರತಿಮೆಯ ಕೆಳಗೆ ಅವಳಿಗೆ ಪಟ್ಟ ಕಟ್ಟುತ್ತಾರೆ. ಪೀಬಲ್ಸ್ ಎಂಬ ಊರಿನವರು ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಅರುವತ್ತು ವರ್ಷವಾದ 1897ರಲ್ಲಿ ತಮ್ಮ ಹಳೆಯ ಬೆಲ್ಟೇನ್ ಜಾತ್ರೆಗೆ ಮತ್ತೆ ಜೀವ ಕೊಟ್ಟು, 1899ರಲ್ಲಿ ಅದಕ್ಕೊಬ್ಬಳು ರಾಣಿಯನ್ನು ಸೇರಿಸಿದರು. ಹಬ್ಬ ಹಳೆಯದು, ರಾಣಿ ಹೊಸಬಳು. ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಕತೆ. ಲಂಡನ್ನಿನಲ್ಲಿ ಮುದುಕಿಯಾದ ಮಹಾರಾಣಿಯೊಬ್ಬಳು ಆಳುತ್ತಿದ್ದ ಕೊನೆಯ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಊರುಗಳು ತಮ್ಮ ತಮ್ಮ ಬೀದಿಯ ಹುಡುಗಿಯರನ್ನು ರಾಣಿಯರನ್ನಾಗಿ ಮಾಡತೊಡಗಿದ್ದು ರಾಜಭಕ್ತಿಯ ಅನುಕರಣೆಯೂ ಹೌದು, ಸ್ವಲ್ಪ ಮಟ್ಟಿಗೆ ರಾಜತ್ವವನ್ನು ಮನೆಮಟ್ಟಕ್ಕೆ ಇಳಿಸಿಕೊಂಡದ್ದೂ ಹೌದು.

ಈಗ ನಾನು ನಿಮ್ಮನ್ನು ಬೋನೆಸ್ ಎಂಬ ಊರಿಗೆ ಕರೆದೊಯ್ಯಬೇಕು. ಫೋರ್ತ್ ನದಿ ಸಮುದ್ರ ಸೇರುವ ಅಗಲವಾದ ಅಳಿವೆಯ ತೆಂಕಣ ದಡದಲ್ಲಿರುವ ಈ ಪಟ್ಟಣಕ್ಕೆ ಅನ್ನ ಕೊಟ್ಟದ್ದು ಎರಡು ಕಸುಬುಗಳು: ಕಲ್ಲಿದ್ದಲು ತೆಗೆಯುವುದು, ಆ ಕಲ್ಲಿದ್ದಲನ್ನೇ ಉರಿಸಿ ಕಬ್ಬಿಣದ ಕಡಾಯಿಗಳಲ್ಲಿ ಸಮುದ್ರದ ನೀರನ್ನು ಬತ್ತಿಸಿ ಉಪ್ಪು ಮಾಡುವುದು. ಊರಿನ ಪಕ್ಕದ ಕಿನೀಲ್ ಬಂಗಲೆಯ ಹಿಂದಿನ ಸಣ್ಣ ಮನೆಯಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರದ ಪ್ರಯೋಗಗಳನ್ನು ನಡೆಸಿದ. ಆ ಯಂತ್ರದ ಮೊದಲ ಆಸೆಗಳಲ್ಲೊಂದು ಗಣಿಯೊಳಗೆ ತುಂಬಿದ ನೀರನ್ನು ಎತ್ತಿ ಹಾಕುವುದಾಗಿತ್ತು. ಯಂತ್ರಯುಗದ ತೊಟ್ಟಿಲು ಎಂದು ನಾವು ಪಠ್ಯಪುಸ್ತಕಗಳಲ್ಲಿ ಓದುವ ಆ ನಾಡಿನಲ್ಲಿ ಆಗ ಗಣಿಗಿಳಿಯುತ್ತಿದ್ದವರು ಜೀತದಾಳುಗಳಾಗಿದ್ದರು ಎಂಬುದನ್ನು ಮಾತ್ರ ಆ ಪುಸ್ತಕಗಳು ಹೇಳುವುದಿಲ್ಲ.

ಜೀತ ಎಂಬ ಪದವನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸುತ್ತಿಲ್ಲ. 1606ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಮಾಡಿದ ಕಾಯಿದೆಯ ಪ್ರಕಾರ ಕಲ್ಲಿದ್ದಲು ಗಣಿಯವನೂ ಉಪ್ಪು ಬೇಯಿಸುವವನೂ ಹಳೆಯ ಒಡೆಯನ ಒಪ್ಪಿಗೆ ಪತ್ರವಿಲ್ಲದೆ ಬೇರೆಡೆ ಕೆಲಸಕ್ಕೆ ಸೇರುವಂತಿರಲಿಲ್ಲ. ಓಡಿಹೋದವನನ್ನು ಒಂದು ವರ್ಷ ಒಂದು ದಿನದೊಳಗೆ ಒಡೆಯ ಕೇಳಿದರೆ ಮರಳಿ ಒಪ್ಪಿಸಬೇಕಾಗಿತ್ತು, ಮತ್ತು ಅವನನ್ನು ಕಳ್ಳನೆಂದೇ ಶಿಕ್ಷಿಸಬಹುದಾಗಿತ್ತು. ಅವನು ಕದ್ದ ಮಾಲು ಅವನೇ. ಮಗುವಿನ ದೀಕ್ಷಾಸ್ನಾನದ ದಿನ ಒಡೆಯ ತಂದೆತಾಯಿಯ ಕೈಗೆ ಒಂದಿಷ್ಟು ಹಣವಿತ್ತರೆ ಆ ಮಗುವೂ ಗಣಿಗೆ ಕಟ್ಟುಬಿದ್ದಂತೆ. 1701ರಲ್ಲಿ ಅನ್ಯಾಯದ ಸೆರೆವಾಸದ ವಿರುದ್ಧ ಪ್ರಜೆಗಳಿಗೆ ರಕ್ಷಣೆ ಕೊಟ್ಟ ಕಾಯಿದೆ ಬಂದಾಗ, ಅದು ಈ ಎರಡು ಕಸುಬಿನವರಿಗೆ ಅನ್ವಯಿಸುವುದಿಲ್ಲವೆಂದು ಅದರಲ್ಲೇ ಬರೆದರು. ಅದೇ ವರ್ಷದ ಒಂದು ಹಿತ್ತಾಳೆಯ ಕೊರಳಪಟ್ಟಿ ಇಂದು ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕಳ್ಳತನಕ್ಕಾಗಿ ಮರಣದಂಡನೆಗೆ ಗುರಿಯಾಗಿದ್ದ ಅಲೆಗ್ಸಾಂಡರ್ ಸ್ಟೂವರ್ಟ್ ಎಂಬವನನ್ನು ನ್ಯಾಯಾಧೀಶರು ಆಲ್ವಾದ ಜಮೀನುದಾರನಿಗೆ ಶಾಶ್ವತ ಸೇವಕನನ್ನಾಗಿ ದಾನ ಕೊಟ್ಟಿದ್ದಾರೆಂದು ಅದರ ಮೇಲೆ ಕೊರೆದಿದೆ. ಆ ಪಟ್ಟಿ ಸಿಕ್ಕಿದ್ದು ಇದೇ ಫೋರ್ತ್ ನೀರಿನಲ್ಲಿ. ಒಂದೇ ನಗರದಲ್ಲಿ, ನಡೆದುಹೋಗಬಹುದಾದಷ್ಟು ದೂರದಲ್ಲಿ, ತಲೆಗೆ ಇಡುವ ಆ ಕಿರೀಟ ಮತ್ತು ಕೊರಳಿಗೆ ಬಿಗಿಯುವ ಈ ಪಟ್ಟಿ ಎರಡನ್ನೂ ನೋಡಬಹುದು.

1775ರ ಕಾಯಿದೆ ಈ ಜನ ಗುಲಾಮಗಿರಿಯ ಸ್ಥಿತಿಯಲ್ಲಿದ್ದಾರೆಂದು ಪೀಠಿಕೆಯಲ್ಲೇ ಒಪ್ಪಿಕೊಂಡಿತು. ಒಪ್ಪಿಕೊಂಡರೂ ಬಿಡುಗಡೆಯನ್ನು ಕಂತಿನಲ್ಲಿ ಕೊಟ್ಟಿತು: ವಯಸ್ಸಿಗೆ ತಕ್ಕಂತೆ ಮೂರು ವರ್ಷ, ಏಳು ವರ್ಷ, ಹತ್ತು ವರ್ಷ ಕಾಯಬೇಕು, ಆಮೇಲೂ ನ್ಯಾಯಾಲಯಕ್ಕೆ ಅರ್ಜಿ ಹಾಕಿ ತೀರ್ಪು ಪಡೆಯಬೇಕು. ಒಡೆಯನಿಂದ ಸಾಲ ಮಾಡಿಕೊಂಡವನು ಅರ್ಜಿ ಬರೆಸುವುದಾದರೂ ಹೇಗೆ? ಕೊನೆಗೆ 1799ರ ಜೂನ್ ತಿಂಗಳ ಇನ್ನೊಂದು ಕಾಯಿದೆ ಯಾವ ಷರತ್ತೂ ಇಲ್ಲದೆ ಎಲ್ಲರನ್ನೂ ಬಿಡಿಸಿತು.

1799 ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಬೇರೊಂದು ಘಟನೆ. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಒಡಕಿನೊಳಗೆ ಸೈನ್ಯವನ್ನು ನುಗ್ಗಿಸಿದ ಡೇವಿಡ್ ಬೇರ್ಡ್ ಕೂಡ ಫೋರ್ತ್ ಅಳಿವೆಯ ತೆಂಕಣ ದಡದ ಸೀಮೆಯವನೇ, ಬೋನೆಸ್‌ಗಿಂತ ಮೂಡಲಲ್ಲಿರುವ ಈಸ್ಟ್ ಲೋಥಿಯನ್ನಿನವನು. ಅದಕ್ಕೂ ಮೊದಲು, 1780ರ ಪೊಳಲೂರು ಕಾಳಗದಲ್ಲಿ ಸೆರೆಸಿಕ್ಕಿ, ಸುಮಾರು ನಾಲ್ಕು ವರ್ಷ ಅವನು ಅದೇ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಸಂಕೋಲೆ ಹಾಕಿಸಿಕೊಂಡು ಬಿದ್ದಿದ್ದ. ಕೈದಿಗಳನ್ನು ಇಬ್ಬಿಬ್ಬರಂತೆ ಜೋಡಿಸಿ ಬಿಗಿದಿದ್ದಾರೆ ಎಂಬ ಸುದ್ದಿ ಊರಿಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡ ಆ ಇನ್ನೊಬ್ಬನನ್ನು ದೇವರೇ ಕಾಪಾಡಬೇಕು ಎಂದಳಂತೆ. ಆ ಸೆರೆಯ ಕತೆಯನ್ನು ಕೇಳಿ ಮರುಗಿದ ಸ್ಕಾಟ್ಲೆಂಡಿನಲ್ಲಿ, ಬೇರ್ಡ್ ಕೋಟೆಯನ್ನು ಗೆದ್ದ ದಿನದಂದೂ ಒಂದಷ್ಟು ಗಣಿಗಾರರು ಕಾಯಿದೆಯ ಕಣ್ಣಿನಲ್ಲಿ ಇನ್ನೂ ಒಡೆಯನ ಆಸ್ತಿಯಾಗಿಯೇ ಇದ್ದರು.

ಈ ಬಿಡುಗಡೆಯ ನೆನಪಿಗೆ ಬೋನೆಸ್‌ನ ಗಣಿಗಾರರು ವರ್ಷಕ್ಕೊಮ್ಮೆ ಜಾತ್ರೆ ಮಾಡುತ್ತಿದ್ದರು. ಮೆರವಣಿಗೆ, ಕುಣಿತ, ಕುಡಿತ ಎಲ್ಲವೂ ಇದ್ದ ಆ ಜಾತ್ರೆಯಲ್ಲಿ ಕುಡಿತವೇ ಮುಂದಾಗುತ್ತಾ ಬಂದಾಗ, ಊರಿನ ಹಿರಿಯರು 1897ರಲ್ಲಿ ಒಂದು ಉಪಾಯ ಹೂಡಿದರು. ಜಾತ್ರೆಯನ್ನು ನಿಲ್ಲಿಸಲಿಲ್ಲ, ಅದನ್ನು ಮಕ್ಕಳಿಗೆ ಬಿಟ್ಟುಕೊಟ್ಟರು. ಮಕ್ಕಳ ನಡುವೆ ನಿಂತು ಅಪ್ಪಂದಿರು ಎಷ್ಟೆಂದು ಕುಡಿದಾರು? ಹೀಗೆ ಆ ವರ್ಷ ಗ್ರೇಸ್ ಸ್ಟ್ರಾಹನ್ ಎಂಬ ಹುಡುಗಿ ಬೋನೆಸ್‌ನ ಮೊದಲ ರಾಣಿಯಾದಳು. ಇಂದಿಗೂ ಊರಿನ ಪ್ರಾಥಮಿಕ ಶಾಲೆಗಳು ಸರದಿಯ ಪ್ರಕಾರ ರಾಣಿಯನ್ನು ಕೊಡುತ್ತವೆ. ಅವಳು ಯಾವಾಗಲೂ ಏಳನೆಯ ತರಗತಿಯವಳು, ಅಂದರೆ ಹನ್ನೊಂದು ಹನ್ನೆರಡರ ಪ್ರಾಯದವಳು.

ಈ ವಯಸ್ಸಿನ ಬಳಿ ನಾನು ಸ್ವಲ್ಪ ನಿಲ್ಲುತ್ತೇನೆ. ಜೀತದಿಂದ ಬಿಡುಗಡೆಯಾದ ಮೇಲೂ ಸ್ಕಾಟ್ಲೆಂಡಿನ ಮೂಡಣ ಸೀಮೆಯ ಗಣಿಗಳಲ್ಲಿ ಹೆಂಗಸರೂ ಹುಡುಗಿಯರೂ ಬೆನ್ನಿನ ಮೇಲೆ ಕಲ್ಲಿದ್ದಲಿನ ಬುಟ್ಟಿ ಹೊತ್ತು ಸಾಗಿಸುವುದು ನಿಂತಿರಲಿಲ್ಲ. 1842ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಿದ ತನಿಖಾ ವರದಿಯಲ್ಲಿ ಜಾನೆಟ್ ಕಮ್ಮಿಂಗ್ ಎಂಬ ಹನ್ನೊಂದು ವರ್ಷದ ಹುಡುಗಿಯ ಹೇಳಿಕೆಯಿದೆ. ಬೆಳಗಿನ ಐದಕ್ಕೆ ಹೆಂಗಸರ ಜೊತೆ ಇಳಿದು ಸಂಜೆ ಐದಕ್ಕೆ ಮೇಲೆ ಬರುತ್ತೇನೆ, ಶುಕ್ರವಾರ ರಾತ್ರಿಯಿಡೀ ಕೆಲಸ ಎಂದು ಅವಳು ಹೇಳುತ್ತಾಳೆ. ಒಂದು ಹೊರೆ ಒಂದು ಹಂಡ್ರೆಡ್‌ವೇಟ್, ಅಂದರೆ ಸುಮಾರು ಐವತ್ತು ಕಿಲೋ. ಒಂದು ಹಂಡ್ರೆಡ್‌ವೇಟಿಗೆ ಎಷ್ಟು ಪೌಂಡು ಎಂದು ಕೇಳಿದರೆ ಗೊತ್ತಿಲ್ಲ. ಹೊರಲು ಸಾಕಷ್ಟು ಭಾರವಿದೆ ಎಂಬುದಷ್ಟೇ ಅವಳಿಗೆ ಗೊತ್ತು. ಆ ವರ್ಷದ ಕಾಯಿದೆ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ಇಳಿಸಬಾರದೆಂದು ವಿಧಿಸಿತು. ಅದಾಗಿ ಐವತ್ತೈದು ವರ್ಷಕ್ಕೆ ಬೋನೆಸ್‌ನಲ್ಲಿ ಶಾಲೆಯ ಹುಡುಗಿಗೆ ಕಿರೀಟ ತೊಡಿಸಿದಾಗ ನೆರೆದವರಲ್ಲಿ, ಚಿಕ್ಕಂದಿನಲ್ಲಿ ಬುಟ್ಟಿ ಹೊತ್ತ ಅಜ್ಜಿಯರು ಇದ್ದಿರಲೇಬೇಕೆಂದು ನಾನು ಊಹಿಸುತ್ತೇನೆ. ಕಾರ್ಯಕ್ರಮವನ್ನು ರೂಪಿಸಿದ ಹಿರಿಯರಿಗೆ ಅದು ಹೊಳೆದಿರಲಾರದು. ಅವರ ಚಿಂತೆ ಹೆಂಡದ್ದಾಗಿತ್ತು.

ಹಬ್ಬ ನಡೆಯುವ ರೀತಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಕಮಾನುಗಳು. ರಾಣಿಯಾಗಲಿರುವ ಹುಡುಗಿಯ ಮನೆಯ ಮುಂದೆ, ಅವಳ ಪರಿವಾರದ ಮಕ್ಕಳ ಮನೆಗಳ ಮುಂದೆ, ನೆಂಟರಿಷ್ಟರೂ ನೆರೆಹೊರೆಯವರೂ ಸೇರಿ ಮರದ ಚೌಕಟ್ಟು, ಪ್ಲೈವುಡ್, ಬಣ್ಣ, ದೀಪಗಳಿಂದ ಮನೆಯ ಮುಂಭಾಗವನ್ನೇ ಮುಚ್ಚಿಬಿಡುವ ಕೋಟೆಯನ್ನೋ ಅರಮನೆಯನ್ನೋ ಕಟ್ಟುತ್ತಾರೆ. ಇದರ ತಯಾರಿ ತಿಂಗಳುಗಟ್ಟಲೆ ನಡೆಯುತ್ತದೆ. ಹಬ್ಬದ ಹಿಂದಿನ ರಾತ್ರಿ ಊರಿನವರು ಮಕ್ಕಳನ್ನು ಕರೆದುಕೊಂಡು ಬೀದಿ ಬೀದಿ ತಿರುಗಿ ಈ ಕಮಾನುಗಳನ್ನು ನೋಡುತ್ತಾರೆ. ನಮ್ಮಲ್ಲಿ ಗಣೇಶನ ಪೆಂಡಾಲುಗಳನ್ನು ನೋಡಲು ಹೋಗುವವರಿಗೆ ಈ ಸಡಗರ ಅಪರಿಚಿತವಲ್ಲ. ಮರುದಿನ ಗ್ಲೀಬ್ ಪಾರ್ಕಿನಲ್ಲಿ ಪಟ್ಟಾಭಿಷೇಕ. ಕಿರೀಟ ತೊಡಿಸಲು ಪ್ರತಿವರ್ಷ ಒಬ್ಬ ಮಹಿಳೆಯನ್ನೇ ಆಹ್ವಾನಿಸುತ್ತಾರೆ. ಪಾದ್ರಿಗೋ ಶ್ರೀಮಂತ ದೊರೆಗೋ ಆ ಅಧಿಕಾರವಿಲ್ಲ. ಊರಿನ ಹಿಪೊಡ್ರೋಮ್ ಚಿತ್ರಮಂದಿರವನ್ನು 1912ರಲ್ಲಿ ತೆರೆದ ಲೂಯಿ ಡಿಕ್ಸನ್ ಈ ಮೆರವಣಿಗೆಯನ್ನು ಚಿತ್ರೀಕರಿಸಿ ತನ್ನ ತೆರೆಯ ಮೇಲೆಯೇ ತೋರಿಸುತ್ತಿದ್ದ. ಜನ ತಮ್ಮನ್ನು ತಾವೇ ನೋಡಿಕೊಳ್ಳಲು ಟಿಕೆಟ್ ಕೊಳ್ಳುತ್ತಿದ್ದರು; ವ್ಯಾಪಾರ ಬಲ್ಲ ಮನುಷ್ಯ. ಕಿನೀಲ್ ಗಣಿ 1982ರ ಕೊನೆಯಲ್ಲಿ ಮುಚ್ಚಿತು. ಹಬ್ಬ ಮುಚ್ಚಲಿಲ್ಲ.

ಇನ್ನು ಸ್ಕಾಟ್ಲೆಂಡಿನ ಆಗ್ನೇಯ ಮೂಲೆಯ ಐಮೌತ್ ಬಂದರಿಗೆ ಬರೋಣ. ಇಲ್ಲಿನ ರಾಣಿಯ ಹೆಸರು ಹೆರಿಂಗ್ ರಾಣಿ. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಗೆ ಹತ್ತಿರದ ಸಂಬಂಧಿಯಾದ, ಅದರಂತೆಯೇ ಹಿಂಡುಹಿಂಡಾಗಿ ಬರುವ ಮೀನು. ಮಂಗಳೂರಿನಲ್ಲಿ ಯಾರಾದರೂ ಬೂತಾಯಿ ರಾಣಿ ಎಂದು ಘೋಷಿಸಿದರೆ ಸಭೆ ನಕ್ಕೀತು. ಐಮೌತಿನಲ್ಲಿ ಯಾರೂ ನಗುವುದಿಲ್ಲ. ಅದಕ್ಕೆ ಕಾರಣ ಅಲ್ಲಿನ ಚರಿತ್ರೆ.

ಆ ಊರಿನ ಮೀನುಗಾರರು ತಾವು ಹಿಡಿದ ಮೀನಿನಲ್ಲಿ ಚರ್ಚಿನ ಪಾದ್ರಿಗೆ ದಶಾಂಶ ತೆರಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿಲಿಯಂ ಸ್ಪಿಯರ್ಸ್ ಎಂಬ ಮೀನುಗಾರ ಇದರ ವಿರುದ್ಧ ಊರನ್ನೇ ಎಬ್ಬಿಸಿದ. ಜನ ಅವನಿಗೆ ಮೀನುಗಾರರ ರಾಜ ಎಂಬ ಅರ್ಥ ಬರುವ ‘ಕಿಂಗ್‌ಫಿಶರ್’ ಎಂಬ ಅಡ್ಡಹೆಸರಿಟ್ಟರು. ಐಮೌತಿನ ರಾಜಮನೆತನ ಒಂದಿದ್ದರೆ ಅದರ ಮೂಲಪುರುಷ ಇವನೇ. 1860ರ ದಶಕದಲ್ಲಿ 2,000 ಪೌಂಡು ಕೊಟ್ಟು ದಶಾಂಶದ ಹಕ್ಕನ್ನು ಬಿಡಿಸಿಕೊಳ್ಳುವ ಒಪ್ಪಂದವಾಯಿತು. ಆದರೆ ಆ ಸಾಲ ತೀರುವವರೆಗೆ, ಬಂಡೆಗಳ ನಡುವೆ ಇಕ್ಕಟ್ಟಾಗಿದ್ದ ಬಂದರಿನ ಬಾಯನ್ನು ಸರಿಪಡಿಸಲು ಊರಿಗೆ ಹಣ ಹುಟ್ಟಲಿಲ್ಲ. 1881ರ ಅಕ್ಟೋಬರ್ 14, ಶುಕ್ರವಾರ, ಹಲವು ದಿನಗಳ ಕೆಟ್ಟ ಹವೆಯ ನಂತರ ಬೆಳಗ್ಗೆ ಸಮುದ್ರ ಶಾಂತವಾಗಿ ಕಂಡಿತು. ವಾಯುಭಾರಮಾಪಕ ಇಳಿದಿದ್ದರೂ ದೋಣಿಗಳು ಹೊರಟವು. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ ಎದ್ದಿತು. ಮರಳಿ ಬಂದ ದೋಣಿಗಳಲ್ಲಿ ಕೆಲವು ಬಂದರಿನ ಬಾಯಲ್ಲೇ, ದಡದ ಮೇಲೆ ನಿಂತಿದ್ದ ಹೆಂಡಿರು ಮಕ್ಕಳ ಕಣ್ಣೆದುರೇ ಹರ್ಕರ್ ಬಂಡೆಗಳಿಗೆ ಬಡಿದು ಒಡೆದವು. ಆ ಕರಾವಳಿಯಲ್ಲಿ ಒಟ್ಟು 189 ಮಂದಿ ಸತ್ತರು. ಅವರಲ್ಲಿ 129 ಮಂದಿ ಐಮೌತ್ ಒಂದೇ ಊರಿನವರು.

1939ರಲ್ಲಿ ಮೊದಲ ಹೆರಿಂಗ್ ರಾಣಿಗೆ ಪಟ್ಟ ಕಟ್ಟಿದಾಗ, ಆ ದಿನ ದಡದಲ್ಲಿ ನಿಂತು ನೋಡಿದ್ದ ಮಕ್ಕಳು ಅರುವತ್ತು ದಾಟಿದ ಮುದುಕ ಮುದುಕಿಯರಾಗಿದ್ದರು. ಐಮೌತಿನ ರಾಣಿ ಸಾರೋಟಿನಲ್ಲಿ ಬರುವುದಿಲ್ಲ. ಪಕ್ಕದ ಸೇಂಟ್ ಆಬ್ಸ್ ಹಳ್ಳಿಯಲ್ಲಿ ದೋಣಿ ಹತ್ತಿ, ಬಾವುಟ ಕಟ್ಟಿದ ಮೀನುದೋಣಿಗಳ ಸಾಲಿನ ನಡುವೆ ಸಮುದ್ರದ ಮೂಲಕ, ಅದೇ ಬಂದರಿನ ಬಾಯನ್ನು ದಾಟಿ ಊರಿಗೆ ಬರುತ್ತಾಳೆ. ಒಂದು ಊರು ತನ್ನ ಹೆಣ್ಣುಮಗಳನ್ನು ನೀರಿಗೆ ಕಳಿಸಿ, ಸುರಕ್ಷಿತವಾಗಿ ಮರಳಿ ಪಡೆದು, ಆಮೇಲೆ ಕಿರೀಟ ತೊಡಿಸುತ್ತದೆ. ಈ ಕ್ರಮಕ್ಕೆ ಯಾವ ವ್ಯಾಖ್ಯಾನ ಬೇಕು? ದಡದಲ್ಲಿ ನಿಂತು ಕಾಯುವುದೇ ಅಲ್ಲಿ ಊರಿನವರ ಪಾಲಿನ ವಿಧಿ. ಮೊದಲ ರಾಣಿಯ ವರ್ಷವೇ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಶುರುವಾಗಿ ಹಬ್ಬ ನಿಂತಿತು, ಯುದ್ಧ ಮುಗಿದ ಮೇಲೆ ಮರಳಿತು. 1977ರಲ್ಲಿ ಉತ್ತರ ಸಮುದ್ರದಲ್ಲಿ ಮಿತಿಮೀರಿ ಹಿಡಿದು ಹೆರಿಂಗ್ ಮೀನೇ ಬರಿದಾಗಿ, ಕೆಲವು ವರ್ಷ ಅದನ್ನು ಹಿಡಿಯುವುದನ್ನೇ ನಿಷೇಧಿಸಿದರು. ಮೀನಿಲ್ಲದ ಆ ವರ್ಷಗಳಲ್ಲೂ ಹೆರಿಂಗ್ ರಾಣಿ ಎಂಬ ಪದವಿಗೆ ಹೆಸರು ಬದಲಿಸಲಿಲ್ಲ.

ಇಷ್ಟು ಹೇಳಿದ ಮೇಲೆ ಇದರ ವಿರುದ್ಧ ಇರುವ ಮಾತನ್ನೂ ಹೇಳದಿದ್ದರೆ ನಾನು ವಕೀಲನಾದೇನು. ಹುಡುಗಿಗೆ ಕಿರೀಟ ಕೊಟ್ಟು ಕೂರಿಸುವ ನಾಡಿನಲ್ಲಿ ಅವಳ ಅಕ್ಕನಿಗೆ ಕುದುರೆ ಕೊಡುತ್ತಾರೆಯೇ ಎಂದು ಕೇಳಬೇಕು. ಐಮೌತಿನಂತೆಯೇ ಇಂಗ್ಲೆಂಡಿನ ಗಡಿಯ ಸೀಮೆಯಲ್ಲಿರುವ ಹಾಯ್ಕ್ ಎಂಬ ಊರಿನಲ್ಲಿ, ಕುದುರೆಯೇರಿ ಊರಗಡಿಯನ್ನು ಸುತ್ತುವ ಗಡಿಸವಾರಿಯಲ್ಲಿ 1996ರಲ್ಲಿ ಇಬ್ಬರು ಹೆಂಗಸರು ಕುದುರೆ ಏರಿ ಸೇರಿಕೊಂಡಾಗ, ಇದು ಗಂಡಸರ ಸಂಪ್ರದಾಯವೆಂದು ಊರು ಇಬ್ಭಾಗವಾಗಿ, ವಿಷಯ ನ್ಯಾಯಾಲಯಕ್ಕೆ ಹೋಗಿ, ಹೆಂಗಸರ ಪರವಾಗಿ ತೀರ್ಮಾನವಾಯಿತು. ಪರಂಪರೆ ಎಂಬ ಮಾತನ್ನು ಅಲ್ಲಿ ಎಷ್ಟು ಒರಟಾಗಿ ಬಳಸಿದರೆಂಬುದು ಆ ಊರಿನವರಿಗೇ ಇಂದು ಮುಜುಗರದ ವಿಷಯ. ರಾಣಿಯನ್ನು ಪೂಜಿಸುವುದು ಹೆಣ್ಣನ್ನು ಗೌರವಿಸಿದಂತೆ ಎಂಬ ವಾದವನ್ನು ಆದ್ದರಿಂದ ನಾನು ಒಪ್ಪುವುದಿಲ್ಲ. ಕಮಾನಿಗೂ ಉಡುಪಿಗೂ ಆಗುವ ಖರ್ಚು ಕೆಲವು ಮನೆಗಳಿಗೆ ಹೊರೆಯಾಗುತ್ತದೆ ಎಂಬುದೂ ನಿಜ. ಸರದಿಯ ಪದ್ಧತಿ ಈ ಅಸಮಾನತೆಯನ್ನು ಪೂರ್ತಿ ಅಳಿಸಲಾರದು.

ಹಾಗಾದರೆ ರಾಣಿಯ ಕೆಲಸವೇನು? ಹೊರಗಿನಿಂದ ನೋಡಿದರೆ ಬಹಳ ಸಾಮಾನ್ಯ. ವೃದ್ಧಾಶ್ರಮಕ್ಕೆ ಹೋಗಿ ಅಜ್ಜ ಅಜ್ಜಿಯರ ಕೈ ಹಿಡಿದು ಮಾತಾಡುವುದು, ಪಕ್ಕದ ಊರುಗಳ ಹಬ್ಬಗಳಿಗೆ ಅತಿಥಿ ರಾಣಿಯಾಗಿ ಹೋಗಿ ಅಲ್ಲಿಯ ರಾಣಿಗೆ ಗೌರವ ಸಲ್ಲಿಸುವುದು, ಮಳೆ ಬಂದರೂ ಮೇಲಂಗಿ ನೆನೆದರೂ ಮುಖ ಸಿಂಡರಿಸದೆ ಕೈಬೀಸುವುದು. ಸ್ಕಾಟ್ಲೆಂಡಿನ ಜೂನ್ ತಿಂಗಳನ್ನು ಬಲ್ಲವರಿಗೆ ಈ ಕೊನೆಯ ಕೆಲಸ ಎಷ್ಟು ಕಷ್ಟದ್ದೆಂದು ಗೊತ್ತು. ಆದರೆ ಆಶ್ರಮದ ಕುರ್ಚಿಯಲ್ಲಿ ಕುಳಿತ ಮುದುಕಿ ಅವಳ ಕಿರೀಟವನ್ನು ನೋಡಿ, ನಾನೂ ಇಂಥ ವರ್ಷದ ರಾಣಿಯಾಗಿದ್ದೆ, ಅಥವಾ ನನ್ನ ತಂಗಿ ಅಂದು ಹೂವಿನ ಹುಡುಗಿಯಾಗಿದ್ದಳು ಎಂದು ಹೇಳಲು ತೊಡಗಿದಾಗ, ಆ ಮಾತನ್ನು ಕೇಳಿಸಿಕೊಳ್ಳುವುದೇ ಆ ಹುಡುಗಿಗೆ ಊರು ಒಪ್ಪಿಸಿದ ನಿಜವಾದ ಕೆಲಸ ಎಂದು ನನಗನ್ನಿಸುತ್ತದೆ. ಕಾಯಿದೆಗಳ ವರ್ಷಗಳನ್ನು ನಾನು ಪುಸ್ತಕದಿಂದ ಓದಿ ಹೇಳಿದೆ. ಅವಳು ಅದನ್ನು ಬೇರೆ ರೀತಿಯಲ್ಲಿ, ತನಗೆ ಗೊತ್ತಿಲ್ಲದೆಯೇ, ಮುಂದಿನವರಿಗೆ ದಾಟಿಸುತ್ತಾಳೆ.

ಉಪನ್ಯಾಸದ ಕೊನೆಗೆ ಸಭೆಯಲ್ಲಿದ್ದ ಒಬ್ಬ ತಾಯಿ, ಇಷ್ಟೆಲ್ಲ ಮೆರೆಸಿದ ಮೇಲೆ ಆ ಮಗುವಿನ ತಲೆ ತಿರುಗುವುದಿಲ್ಲವೇ ಸ್ವಾಮಿ ಎಂದು ಕೇಳಿದರು. ಅದಕ್ಕೆ ಉತ್ತರ ಸ್ಕಾಟ್ಲೆಂಡಿನ ಶಾಲೆಯ ಕ್ಯಾಲೆಂಡರಿನಲ್ಲಿದೆ. ಬೋನೆಸ್‌ನ ರಾಣಿಗೆ ಪಟ್ಟಾಭಿಷೇಕವಾಗುವುದು ಜೂನ್ ತಿಂಗಳ ಕೊನೆಗೆ, ಪ್ರಾಥಮಿಕ ಶಾಲೆಯ ಕೊನೆಯ ತರಗತಿಯಲ್ಲಿ. ಮರುವಾರವೇ ರಜೆ. ಆಗಸ್ಟ್ ನಡುವಿನಲ್ಲಿ ಅವಳು ಹೊಸ ಸಮವಸ್ತ್ರ ತೊಟ್ಟು ಹೈಸ್ಕೂಲಿನ ಮೊದಲ ತರಗತಿಗೆ ಸೇರುತ್ತಾಳೆ. ತನ್ನ ಆಳ್ವಿಕೆಯ ಉಳಿದ ಹತ್ತು ತಿಂಗಳನ್ನು ಅವಳು ಕಳೆಯುವುದು ಆ ಶಾಲೆಯ ಅತ್ಯಂತ ಚಿಕ್ಕವರಲ್ಲಿ ಒಬ್ಬಳಾಗಿ, ಮಧ್ಯಾಹ್ನದ ಊಟದ ಸಾಲಿನಲ್ಲಿ ದೊಡ್ಡವರ ಹಿಂದೆ ನಿಂತುಕೊಂಡು.